ಕನ್ನಡ ವಿಕಿಪೀಡಿಯಕ್ಕೆ ಹೊಸಬರೇ? ಅವೆನ್ಯೂ ರಸ್ತೆಯಿಂದ ಆರಂಭಿಸಿ



'ಕನ್ನಡ ವಿಕಿಪೀಡಿಯಕ್ಕೆ ಕಷ್ಟಪಟ್ಟು ಒಂದು ಲೇಖನ ಬರೆದು ಹಾಕಿದೆ. ಎರಡೇ ದಿನದಲ್ಲಿ ಯಾರೋ ಅಳಿಸಿಬಿಟ್ಟರು. ಇನ್ನು ಆ ಕಡೆ ತಲೆ ಹಾಕುವುದಿಲ್ಲ.' ಅಂತರಜಾಲದಲ್ಲಿ ಕನ್ನಡ ಎಂಬ ಮಾತು ಬಂದಾಗಲೆಲ್ಲ ಈ ದೂರು ಒಂದಲ್ಲ ಒಂದು ರೂಪದಲ್ಲಿ ಕೇಳಿಬರುತ್ತದೆ. ಅರ್ಧ ಗಂಟೆಯ ಚರ್ಚಾ ಕಾರ್ಯಕ್ರಮದಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳುವುದು ಕಷ್ಟ. ಆದ್ದರಿಂದ ಈ ಪುಟಗಳಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡಕ್ಕೆ ವಿಶ್ವಕೋಶ ಹೊಸದೇನಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದ ಮೊದಲ ಸಂಪುಟ 1969ರಲ್ಲಿ ಹೊರಬಂತು. ಒಟ್ಟು 14 ಸಂಪುಟಗಳಾದವು. ಅಲ್ಲಿ ವಿಷಯತಜ್ಞರು ಬರೆದರು, ಸಂಪಾದಕ ಮಂಡಲಿ ತಿದ್ದಿತು. ಲೇಖನದ ಕೆಳಗಿನ ಹೆಸರು ನೋಡಿ ನಾವು ನಂಬುತ್ತಿದ್ದೆವು.

ವಿಕಿಪೀಡಿಯದ ಕಥೆಯೇ ಬೇರೆ. ಇಂಗ್ಲಿಷ್‌ನಲ್ಲಿ ಅದು ಆರಂಭವಾದದ್ದು 2001ರ ಜನವರಿ 15ರಂದು. ಕನ್ನಡದ ಆವೃತ್ತಿ ಶುರುವಾದದ್ದು 2003ರ ಜೂನ್‌ನಲ್ಲಿ. ಇಲ್ಲಿ ಬರೆಯಲು ಪದವಿ ಬೇಕಿಲ್ಲ, ಪರಿಚಯಪತ್ರ ಬೇಕಿಲ್ಲ. ಪಿ.ಯು.ಸಿ. ವಿದ್ಯಾರ್ಥಿನಿ ಬರೆದುದನ್ನು ನಿವೃತ್ತ ಪ್ರಾಧ್ಯಾಪಕರು ತಿದ್ದಬಹುದು. ಪ್ರಾಧ್ಯಾಪಕರ ವಾಕ್ಯವನ್ನು ಆ ಹುಡುಗಿಯೂ ತಿದ್ದಬಹುದು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4 ಕೋಟಿ 37 ಲಕ್ಷ. ಆದರೆ ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರಕ್ಕಿಂತ ಕೊಂಚ ಹೆಚ್ಚು, ಅಷ್ಟೇ. ಇಂಗ್ಲಿಷ್‌ನಲ್ಲಿ ಅವು 70 ಲಕ್ಷದ ಆಸುಪಾಸಿನಲ್ಲಿವೆ. ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಮಗು ವಿಜ್ಞಾನದ ಒಂದು ಪದವನ್ನು ಹುಡುಕಿದಾಗ ಬರಿಗೈಯಲ್ಲಿ ಮರಳುವ ಸಂಭವ ಎಷ್ಟೆಂದು ನೀವೇ ಊಹಿಸಿ. ಹೊಸಬರು ಬೇಕಾಗಿರುವುದು ಈ ಕಾರಣಕ್ಕೆ. ಬಂದವರು ಮುನಿಸಿಕೊಂಡು ಹೋದರೆ ನಷ್ಟವಾಗುವುದು ಆ ಮಗುವಿಗೆ.

ಬರೆದವರು ಯಾರೆಂದು ಗೊತ್ತಿಲ್ಲದ ಮೇಲೆ ಓದುಗ ಯಾವುದನ್ನು ನಂಬಬೇಕು? ಇದಕ್ಕೆ ಆ ಸಮುದಾಯ ಕಂಡುಕೊಂಡ ಉತ್ತರ ಒಂದೇ ಪದ: ಆಧಾರ. ಪ್ರತಿ ಮುಖ್ಯ ಸಂಗತಿಯ ಪಕ್ಕದಲ್ಲಿ, ಅದು ಯಾವ ಪುಸ್ತಕದ ಯಾವ ಪುಟದಿಂದ, ಯಾವ ಪತ್ರಿಕೆಯ ಯಾವ ದಿನಾಂಕದ ಸಂಚಿಕೆಯಿಂದ ಬಂತೆಂದು ಹೇಳಬೇಕು. 'ನೀನು ಯಾರು?' ಎಂದು ಅಲ್ಲಿ ಯಾರೂ ಕೇಳುವುದಿಲ್ಲ. 'ನಿನಗೆ ಹೇಗೆ ಗೊತ್ತು?' ಎಂದು ಎಲ್ಲರೂ ಕೇಳುತ್ತಾರೆ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕ ಬರೆದವರಿಗೆ ಇದು ಹೊಸ ಮಾತಲ್ಲ. ಓದಿಕೊಂಡ ಅಳತೆ ಕಾಣದೆ ಬರಿಯ ಫಲಿತಾಂಶ ಬರೆದರೆ ಅಧ್ಯಾಪಕರು ಸಹಿ ಹಾಕುತ್ತಾರೆಯೇ?

ಒಂದು ರಸ್ತೆ, ಒಂದು ಲೇಖನ

ಉಪದೇಶಕ್ಕಿಂತ ಪ್ರಯೋಗ ಮೇಲು. ನಮ್ಮ ಅವೆನ್ಯೂ ರಸ್ತೆಯನ್ನೇ ವಿಷಯವಾಗಿ ತೆಗೆದುಕೊಳ್ಳೋಣ. ಹಳೆಯ ಪಠ್ಯಪುಸ್ತಕ ಕೊಳ್ಳಲು, ಓದಿ ಮುಗಿದವನ್ನು ಮಾರಲು ಬೆಂಗಳೂರಿನ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿದ್ದಾರೆ. ಹೀಗಾಗಿ 'ನನಗೆ ಗೊತ್ತಿರುವ ಜಾಗ' ಎಂಬ ಧೈರ್ಯ ಇರುತ್ತದೆ.

ಮೊದಲ ಕೆಲಸ, ಈ ವಿಷಯದ ಪುಟ ಆಗಲೇ ಇದೆಯೇ ಎಂದು ಹುಡುಕುವುದು. ಕನ್ನಡದಲ್ಲಿ ಇದು ಅಂದುಕೊಂಡಷ್ಟು ಸುಲಭವಲ್ಲ. ಒಬ್ಬರು 'ಅವೆನ್ಯೂ ರಸ್ತೆ' ಎನ್ನುತ್ತಾರೆ, ಇನ್ನೊಬ್ಬರು 'ಅವೆನ್ಯೂ ರೋಡ್' ಎನ್ನುತ್ತಾರೆ, ಹಳಬರು 'ದೊಡ್ಡಪೇಟೆ' ಎನ್ನುತ್ತಾರೆ. ಮೂರು ರೂಪಗಳಲ್ಲೂ ಹುಡುಕಿ. ಇದ್ದರೆ ಹೊಸ ಪುಟ ಬೇಡ, ಇರುವುದನ್ನೇ ಬೆಳೆಸಿ. ಇಲ್ಲದಿದ್ದರೆ ಒಂದು ಹೆಸರಿನಲ್ಲಿ ಪುಟ ಮಾಡಿ, ಉಳಿದೆರಡು ಹೆಸರುಗಳಲ್ಲಿ ಹುಡುಕಿದವರೂ ಅಲ್ಲಿಗೇ ಬರುವಂತೆ ದಾರಿ ತಿರುಗಿಸುವ ಪುಟಗಳನ್ನು ಇಡಿ.

ಎರಡನೆಯದು ಮೊದಲ ವಾಕ್ಯ. ಹೊಸಬರು ಸಾಮಾನ್ಯವಾಗಿ ಬರೆಯುವುದು ಹೀಗೆ: 'ಅವೆನ್ಯೂ ರಸ್ತೆ ಪುಸ್ತಕಪ್ರಿಯರ ಸ್ವರ್ಗ, ಬೆಂಗಳೂರಿಗರ ಹೆಮ್ಮೆಯ ಈ ರಸ್ತೆಯನ್ನು ಬಣ್ಣಿಸಲು ಪದಗಳೇ ಸಾಲವು.' ಪ್ರಬಂಧ ಸ್ಪರ್ಧೆಗೆ ಇದು ನಡೆದೀತು. ರಾಯಚೂರಿನಲ್ಲೋ ಕಾಸರಗೋಡಿನಲ್ಲೋ ಕುಳಿತು ಓದುವವರಿಗೆ ಇದರಿಂದ ತಿಳಿದದ್ದೇನು? ವಿಶ್ವಕೋಶದ ವಾಕ್ಯ ಹೀಗಿರುತ್ತದೆ: 'ಅವೆನ್ಯೂ ರಸ್ತೆಯು ಬೆಂಗಳೂರಿನ ಹಳೆಯ ಪೇಟೆ ಪ್ರದೇಶದಲ್ಲಿ, ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ಸಾಗುವ ವ್ಯಾಪಾರದ ರಸ್ತೆ. ಇದರ ಹಳೆಯ ಹೆಸರು ದೊಡ್ಡಪೇಟೆ.' ರುಚಿ ಕಡಮೆ, ಆದರೆ ದಾರಿ ತೋರಿಸುತ್ತದೆ. ಪ್ರೀತಿಯನ್ನು ವಿಶೇಷಣಗಳಲ್ಲಿ ತೋರಿಸುವ ಬದಲು ವಿವರಗಳಲ್ಲಿ ತೋರಿಸಿ: ಎಲ್ಲಿ ಹಳೆಯ ಪುಸ್ತಕಗಳ ಸಾಲು, ಎಲ್ಲಿ ಲಗ್ನಪತ್ರಿಕೆಯ ಮಳಿಗೆಗಳು, ಚಿಕ್ಕಪೇಟೆ ಎಲ್ಲಿ ಕೂಡುತ್ತದೆ.

'ಈಗ', 'ಇತ್ತೀಚೆಗೆ' ಎಂಬ ಪದಗಳ ಬಗ್ಗೆ ಎಚ್ಚರವಿರಲಿ. ವೃತ್ತಕ್ಕೆ ಹೆಸರು ಕೊಟ್ಟ ಮೈಸೂರು ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ವೃತ್ತದ ಹೆಸರು ಮಾತ್ರ ಜನರ ಬಾಯಲ್ಲಿ ಹಾಗೆಯೇ ಇದೆ. ಅದೇ ವರ್ಷದ ಜೂನ್‌ನಲ್ಲಿ ಚಿಕ್ಕಪೇಟೆ ಮತ್ತು ಮಾರುಕಟ್ಟೆಯ ಮೆಟ್ರೊ ನಿಲ್ದಾಣಗಳು ತೆರೆದವು. 'ಇತ್ತೀಚೆಗೆ ಮೆಟ್ರೊ ಬಂದಿದೆ' ಎಂದು ಅಂದು ಬರೆದ ವಾಕ್ಯ ಇಂದು ಓದಿದರೆ ನಗು ತರಿಸುತ್ತದೆ. ಇಸವಿ ಹಾಕಿದ ವಾಕ್ಯಕ್ಕೆ ವಯಸ್ಸಾಗುವುದಿಲ್ಲ.

ಮೂರನೆಯದು, ನಾವು ಚಿಕ್ಕಂದಿನಿಂದ ಕೇಳಿದ ಕಥೆಗಳು. ಕೆಂಪೇಗೌಡರು ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಸ್ಥಳದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಪೇಟೆಯ ಬೀದಿಗಳನ್ನು ಗುರುತಿಸಿದರೆಂಬುದು ಎಲ್ಲರೂ ಬಲ್ಲ ಕಥೆ. ಇದನ್ನು ಬಿಡಬೇಕಾಗಿಲ್ಲ. ಆದರೆ 'ಹೀಗೆ ನಡೆಯಿತು' ಎಂದು ಬರೆಯುವುದಕ್ಕೂ 'ಹೀಗೆ ನಡೆಯಿತೆಂಬ ಪ್ರತೀತಿ ಇದೆ' ಎಂದು ಬರೆದು, ಆ ಪ್ರತೀತಿಯನ್ನು ದಾಖಲಿಸಿದ ಪುಸ್ತಕವನ್ನು ಹೆಸರಿಸುವುದಕ್ಕೂ ಅಜಗಜಾಂತರ. 'ಬೆಂದಕಾಳೂರು' ಕಥೆಯನ್ನೇ ನೋಡಿ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಆ ಹೆಸರು ಬಂತು ಎನ್ನುತ್ತದೆ ಕಥೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪ ಆಗಲೇ ಇದೆ! ರಾಜ ಬರುವುದಕ್ಕೆ ಮುನ್ನೂರು ವರ್ಷದಷ್ಟು ಮೊದಲೇ ಊರಿಗೆ ಹೆಸರಿತ್ತು. ಕಥೆಯನ್ನೂ ಶಾಸನವನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ ಓದುಗರೇ ತೂಗಿ ನೋಡುತ್ತಾರೆ. 'ಕಥೆ ಸುಳ್ಳು' ಎಂದು ನೀವು ತೀರ್ಪು ಕೊಡುವ ಅಗತ್ಯವೂ ಬೀಳುವುದಿಲ್ಲ.

ಅಪ್ಪನೋ ಮಗನೋ

ಅವೆನ್ಯೂ ರಸ್ತೆಯ ಗದ್ದಲದ ನಡುವೆ ಒಂದು ಚರ್ಚ್ ಇದೆ, ರೈಸ್ ಸ್ಮಾರಕ ಚರ್ಚ್. ಇತಿಹಾಸದ ಪಾಠ ಓದಿದ ವಿದ್ಯಾರ್ಥಿಗೆ 'ರೈಸ್' ಎಂದ ಕೂಡಲೆ ನೆನಪಾಗುವವರು ಬಿ.ಎಲ್. ರೈಸ್. ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ಹೊರತಂದವರು, ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮೊದಲ ನಿರ್ದೇಶಕರು. 'ಶಾಸನತಜ್ಞ ರೈಸರ ನೆನಪಿಗಾಗಿ ಕಟ್ಟಿದ ಚರ್ಚ್' ಎಂದು ಬರೆದುಬಿಡುವುದು ಬಹಳ ಸುಲಭ. ಆದರೆ ಆ ಹೆಸರು ಅವರದಲ್ಲ, ಅವರ ತಂದೆಯದು. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಯಾಗಿ ಬೆಂಗಳೂರಿಗೆ ಬಂದು ಇಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು. ಮಗ ಬೆಂಜಮಿನ್ ಲೂಯಿಸ್ ರೈಸ್ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿ 1927ರಲ್ಲಿ ತೀರಿಕೊಂಡವರು. ಇಬ್ಬರ ಹೆಸರೂ ಬೆಂಜಮಿನ್, ಇಬ್ಬರೂ ರೈಸ್!

ಈ ಒಂದು ತಪ್ಪು ವಿಕಿಪೀಡಿಯದೊಳಗೆ ಸೇರಿತೆಂದು ಇಟ್ಟುಕೊಳ್ಳಿ. ವಾರದಲ್ಲಿ ಯಾರೋ ಅದನ್ನು ನೋಡಿ ಪುರವಣಿಗೆ ಲೇಖನ ಬರೆಯುತ್ತಾರೆ. ಆರು ತಿಂಗಳ ನಂತರ ಇನ್ನೊಬ್ಬ ಸದಸ್ಯ ಆ ಪುರವಣಿಯ ಲೇಖನವನ್ನೇ ಆಧಾರವೆಂದು ವಿಕಿಪೀಡಿಯದಲ್ಲಿ ಸೇರಿಸುತ್ತಾನೆ. ತಪ್ಪಿಗೆ ಈಗ ಅಚ್ಚಿನ ಸಾಕ್ಷಿ ಸಿಕ್ಕಿತು. ಬಾವಿಯ ನೀರನ್ನು ಬಾವಿಗೇ ಸುರಿದು 'ನೀರು ಹೆಚ್ಚಿತು' ಎಂದಂತೆ. ಆದ್ದರಿಂದಲೇ ವಿಕಿಪೀಡಿಯದ ಒಂದು ಪುಟಕ್ಕೆ ವಿಕಿಪೀಡಿಯದ ಇನ್ನೊಂದು ಪುಟವನ್ನು ಆಧಾರವಾಗಿ ಕೊಡುವಂತಿಲ್ಲ. ವಾಟ್ಸಾಪ್‌ನಲ್ಲಿ ಬಂದದ್ದರ ಮಾತಂತೂ ದೂರವೇ ಉಳಿಯಿತು.

ಆಧಾರ ಎಲ್ಲಿ ಸಿಗುತ್ತದೆ? ಬೆಂಗಳೂರಿನವರು ಈ ವಿಷಯದಲ್ಲಿ ಅದೃಷ್ಟವಂತರು. ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು, ನೃಪತುಂಗ ರಸ್ತೆಯಲ್ಲಿ 1909ರ ಮಿಥಿಕ್ ಸೊಸೈಟಿ, ಕಬ್ಬನ್ ಪಾರ್ಕಿನಲ್ಲಿ ಕೇಂದ್ರ ಗ್ರಂಥಾಲಯ: ಇವೆಲ್ಲ ಒಂದು ಬಸ್ಸಿನ ದೂರದಲ್ಲಿವೆ. ಬೇರೆ ಊರಿನವರಿಗೆ ಜಿಲ್ಲಾ ಗ್ರಂಥಾಲಯವಿದೆ, ಜಿಲ್ಲಾ ಗ್ಯಾಸೆಟಿಯರ್ ಇದೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೂ ಒಂದು ಗ್ರಂಥಾಲಯವೇ. ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ: ಶೀರ್ಷಿಕೆಯ ಪುಟ ಮತ್ತು ಅದರ ಹಿಂಬದಿಯ ಮುದ್ರಣ ವಿವರ ಉಳಿದಿದೆಯೇ? ಹಳೆಯ ಪುಸ್ತಕಗಳಲ್ಲಿ ಮೊದಲು ಕಳಚಿಹೋಗುವುದು ಅದೇ ಹಾಳೆ. ಲೇಖಕ, ಪ್ರಕಾಶಕ, ಇಸವಿ ಇಲ್ಲದ ಪುಸ್ತಕ ಎಷ್ಟೇ ಒಳ್ಳೆಯದಿದ್ದರೂ ಓದಿ ಆನಂದಿಸಬಹುದೇ ಹೊರತು ಆಧಾರವಾಗಿ ಹೆಸರಿಸುವುದು ಕಷ್ಟ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಇತಿಹಾಸಕ್ಕೆ ಹಳೆಯ ಪುಸ್ತಕ ಅಮೂಲ್ಯ. ವಿಜ್ಞಾನಕ್ಕೆ ಅದು ಕೈಕೊಡಬಹುದು. ಫುಟ್‌ಪಾತಿನಲ್ಲಿ ಸಿಕ್ಕ ಭೂಗೋಳದ ಪುಸ್ತಕ ಒಂಬತ್ತು ಗ್ರಹಗಳೆಂದು ಹೇಳುತ್ತಿದ್ದರೆ ಆಶ್ಚರ್ಯವಿಲ್ಲ. ಪ್ಲೂಟೊ 2006ರ ಆಗಸ್ಟ್‌ನಲ್ಲಿ ಕುಬ್ಜಗ್ರಹಗಳ ಸಾಲಿಗೆ ಸೇರಿತು. ಪ್ಯಾರಿಸ್ ಬಳಿ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ಉರುಳೆಯ ರಾಶಿಯೇ ಒಂದು ಕಿಲೋಗ್ರಾಂ ಎಂದು ನನ್ನ ವಯಸ್ಸಿನವರೆಲ್ಲ ಬಾಯಿಪಾಠ ಮಾಡಿದ್ದೇವೆ. 2019ರ ಮೇ 20ರಿಂದ ಆ ವ್ಯಾಖ್ಯೆ ಬದಲಾಗಿ, ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋಗ್ರಾಂ ನಿಂತಿದೆ. ಪುಸ್ತಕವೂ ಸರಿ, ಪುಟವೂ ಸರಿ, ಸಂಗತಿ ಮಾತ್ರ ಹಳತು!

ಅಳಿಸಿದ್ದು ಏಕೆ?

ಮೊದಲಿನ ದೂರಿಗೆ ಬರೋಣ. ಹೊಸಬರ ಲೇಖನ ಅಳಿಸಿಹೋಗುವುದಕ್ಕೆ ಅತಿ ಸಾಮಾನ್ಯ ಕಾರಣ ನಕಲು. ಪತ್ರಿಕೆಯಿಂದಲೋ ಪುಸ್ತಕದಿಂದಲೋ ನಾಲ್ಕು ಪ್ಯಾರಾ ಎತ್ತಿ ಹಾಕುವುದು. 'ಕೊನೆಯಲ್ಲಿ ಪುಸ್ತಕದ ಹೆಸರು ಹಾಕಿದ್ದೆನಲ್ಲ' ಎಂದರೆ ಸಾಲದು. ಹಕ್ಕುಸ್ವಾಮ್ಯ ಇರುವುದು ವಾಕ್ಯಗಳ ಮೇಲೆ, ಸಂಗತಿಗಳ ಮೇಲಲ್ಲ. ಸಂಗತಿಯನ್ನು ತೆಗೆದುಕೊಂಡು ನಿಮ್ಮ ಮಾತಿನಲ್ಲಿ ಹೇಳಿ, ಆಧಾರ ಕೊಡಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಬಸವನಗುಡಿಯ ಡಿ.ವಿ.ಜಿ. ನಿಧನರಾದದ್ದು 1975ರಲ್ಲಿ, ಅವರ ಗದ್ಯವನ್ನು ಹಾಗೆಯೇ ಎತ್ತಿಹಾಕಲು 2036ರ ಜನವರಿಯವರೆಗೆ ಕಾಯಬೇಕು. ಬಿ.ಎಲ್. ರೈಸರ ಬರಹಗಳಿಗೆ ಆ ಅಡ್ಡಿಯಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 'ಕನ್ನಡ ವಿಶ್ವಕೋಶ'ದ ಕೆಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅವನ್ನು ಮೂಲ ಹೆಸರಿಸಿ ಬಳಸಬಹುದು. ಕನ್ನಡಕ್ಕೆ ಇದು ದೊಡ್ಡ ಕೊಡುಗೆ, ಸಾಕಷ್ಟು ಸುದ್ದಿಯಾಗಲಿಲ್ಲ ಅಷ್ಟೇ.

ಇನ್ನೊಂದು ಕಾರಣ ನಂಟು. ನಿಮ್ಮ ಸೋದರಮಾವನ ಲಗ್ನಪತ್ರಿಕೆಯ ಅಂಗಡಿ ಅವೆನ್ಯೂ ರಸ್ತೆಯಲ್ಲಿದೆ ಎನ್ನೋಣ. 'ನಮ್ಮದೂ ಒಂದು ಪುಟ ಮಾಡಯ್ಯ' ಎಂದು ಅವರು ಕೇಳುವುದು ಸಹಜ. ಇಂತಹ ಪುಟ ನಿಲ್ಲುವುದಿಲ್ಲ. ಅಂಗಡಿ, ಶಾಲೆ, ಗುರುಗಳು, ತಾವೇ ಬರೆದ ಕವನ ಸಂಕಲನ: ಇವುಗಳ ಬಗ್ಗೆ ಸಂಬಂಧವಿಲ್ಲದ ಹೊರಗಿನವರು ಪುಸ್ತಕದಲ್ಲೋ ಪತ್ರಿಕೆಯಲ್ಲೋ ಸಾಕಷ್ಟು ಬರೆದಿದ್ದರೆ ಮಾತ್ರ ಪುಟಕ್ಕೆ ಅರ್ಹತೆ. ಆಗಲೂ ನಂಟರಾದ ನಾವು ಹಿಂದೆ ನಿಂತು ಬೇರೆಯವರಿಗೆ ಬರೆಯಲು ಬಿಡುವುದೇ ವಾಸಿ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕೆಂಬ ಷರತ್ತು 2014ರಿಂದಲೂ ಇದೆ.

ಯಂತ್ರದ ಅನುವಾದ ಮೂರನೆಯ ಕಾರಣ. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯ ಅನುವಾದ ಸಾಧನದ ನೆರವಿನಿಂದ ಇಂಗ್ಲಿಷಿನ ಉದ್ದುದ್ದ ಲೇಖನಗಳು ಕನ್ನಡ, ತಮಿಳು, ತೆಲುಗು, ಬಂಗಾಳಿ ಮುಂತಾದ ವಿಕಿಪೀಡಿಯಗಳಿಗೆ ರಾಶಿರಾಶಿಯಾಗಿ ಬಂದು ಬಿದ್ದವು. ಲೇಖನಗಳ ಗಾತ್ರ ಏರಿತು. ಓದಲು ಹೋದರೆ ವಾಕ್ಯದ ತಲೆ ಎಲ್ಲಿ ಬಾಲ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಅವನ್ನು ತಿದ್ದುವ ಹೊರೆ ಬಿದ್ದದ್ದು ಬಿಡುವಿನ ವೇಳೆಯಲ್ಲಿ ದುಡಿಯುವ ಬೆರಳೆಣಿಕೆಯ ಸ್ವಯಂಸೇವಕರ ಮೇಲೆ. ಇಂದಿನ ಯಂತ್ರಗಳು ಆಗಿಗಿಂತ ಜಾಣ. ನಯವಾದ ವಾಕ್ಯ ಕೊಡುತ್ತವೆ, ಜೊತೆಗೆ ಇಲ್ಲದ ಪುಸ್ತಕವನ್ನೂ ಆಧಾರವೆಂದು ಸೃಷ್ಟಿಸಿ ಕೊಡಬಲ್ಲವು. ಹಿಂದೆ ಕೆಟ್ಟ ಕನ್ನಡ ನೋಡಿಯೇ ಸಂಶಯ ಬರುತ್ತಿತ್ತು, ಈಗ ಆ ಸುಳಿವೂ ಇಲ್ಲ. ಯಂತ್ರದ ನೆರವು ಪಡೆದರೂ, ಹೆಸರಿಸಿದ ಪುಸ್ತಕದ ಆ ಪುಟವನ್ನು ನಿಮ್ಮ ಕಣ್ಣಿನಿಂದ ನೋಡದೆ ಪ್ರಕಟಿಸಬೇಡಿ. ಪಾರಿಭಾಷಿಕ ಪದಗಳಿಗೆ ನಮ್ಮ ಪಠ್ಯಪುಸ್ತಕಗಳೇ ಮೊದಲ ಆಸರೆ. 'ದ್ಯುತಿಸಂಶ್ಲೇಷಣೆ' ಎಂದು ಲಕ್ಷಾಂತರ ಮಕ್ಕಳು ಕಲಿತಿರುವಾಗ ನೀವು ಹೊಸ ಪದ ಕಟ್ಟಿದರೆ ಹುಡುಕುವವರಿಗೆ ಸಿಗುವುದಿಲ್ಲ.

ಲಿಪಿಯ ತೊಡಕೂ ಒಂದಿದೆ. ಹಳೆಯ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಹಾಗೆ ಬೆರಳಚ್ಚು ಮಾಡಿದ್ದನ್ನು ಅಂತರಜಾಲಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. 'ಕ' ಎಂಬುದು 3221. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಯಿಸಿಯೇ ಹಾಕಬೇಕು.

ಅರಳಿ ಕಟ್ಟೆಯ ಮಾತು

ವಿಕಿಪೀಡಿಯದಲ್ಲಿ ಪ್ರತಿ ಪುಟಕ್ಕೂ ಒಂದು 'ಇತಿಹಾಸ'ವಿದೆ. ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರೆಂಬುದೆಲ್ಲ ಅಲ್ಲಿ ಉಳಿದಿರುತ್ತದೆ. ಹಾಗಾಗಿ ನಿಮ್ಮ ವಾಕ್ಯವನ್ನು ಯಾರಾದರೂ ತೆಗೆದರೂ ಅದು ನಾಶವಾಯಿತೆಂದು ಗಾಬರಿಯಾಗಬೇಕಿಲ್ಲ. ಕೂಡಲೆ ಮತ್ತೆ ಹಾಕಿ ಜಗ್ಗಾಟಕ್ಕೆ ಇಳಿಯಬೇಡಿ. ಪುಟದ ಜೊತೆಗೇ ಇರುವ ಚರ್ಚೆಯ ಪುಟದಲ್ಲಿ 'ಈ ಸಾಲನ್ನು ತೆಗೆದ ಕಾರಣ ತಿಳಿಸುವಿರಾ? ನನ್ನ ಆಧಾರ ಇದು' ಎಂದು ಬರೆಯಿರಿ. ಆ ಕಡೆ ಇರುವವರು ನಿಮ್ಮ ತಾತನ ವಯಸ್ಸಿನವರೋ ಕಿರಿಯರೋ ಗೊತ್ತಿಲ್ಲ, ಆದ್ದರಿಂದ ಎಲ್ಲರಿಗೂ 'ನೀವು'. ಹಳಬರಿಗೂ ಒಂದು ಮಾತು ಹೇಳಬೇಕು: ಕಾರಣ ತಿಳಿಸದೆ ಅಳಿಸುವುದು ನಿಯಮಕ್ಕೆ ಸರಿಹೋದರೂ ಹದಿನೇಳು ವರ್ಷದ ಹುಡುಗನಿಗೆ ಬಾಗಿಲು ಮುಚ್ಚಿದಂತೆಯೇ. ಎರಡು ಸಾಲಿನ ವಿವರಣೆಗೆ ಎರಡು ನಿಮಿಷ ಸಾಕು.

ಇಡೀ ಸಮುದಾಯದ ಸಲಹೆ ಬೇಕಾದಾಗ ಹೋಗುವ ಜಾಗಕ್ಕೆ ಕನ್ನಡ ವಿಕಿಪೀಡಿಯದವರು ಇಟ್ಟಿರುವ ಹೆಸರು 'ಅರಳಿ ಕಟ್ಟೆ'. ಹೆಸರಿಟ್ಟವರಿಗೆ ನಮಸ್ಕಾರ! ಊರಿನ ಕಟ್ಟೆಗೆ ಹೊಸದಾಗಿ ಹೋದವರು ಮೊದಲ ದಿನವೇ ನಡುವೆ ಕೂತು ಪಂಚಾಯಿತಿ ಮಾಡುವುದಿಲ್ಲ. ನಾಲ್ಕು ದಿನ ಅಂಚಿನಲ್ಲಿ ಕುಳಿತು ಕೇಳುತ್ತಾರೆ.

ಆ ನಾಲ್ಕು ದಿನ ಮಾಡಲು ಕೆಲಸ ಬೇಕಾದಷ್ಟಿದೆ. ಕಾಗುಣಿತ ತಿದ್ದಿ. ಇಸವಿಯಿಲ್ಲದ 'ಇತ್ತೀಚೆಗೆ'ಗೆ ಇಸವಿ ಹುಡುಕಿ ಹಾಕಿ. ಆಧಾರವಿಲ್ಲದ ಒಂದೇ ಒಂದು ವಾಕ್ಯಕ್ಕೆ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಹುಡುಕಿ ಪುಟಸಂಖ್ಯೆ ಸೇರಿಸಿ. ನಿಮ್ಮೂರಿನ ಹಳೆಯ ಕಟ್ಟಡದ ಚಿತ್ರವನ್ನು ನೀವೇ ತೆಗೆದು ಕೊಡಿ. ಬೀದಿಯಿಂದ ಕಟ್ಟಡದ ಚಿತ್ರ ತೆಗೆಯಲು ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ ಅಡ್ಡಿಯಿಲ್ಲ. ಹೊಸ ಲೇಖನವನ್ನು ನೇರವಾಗಿ ಪ್ರಕಟಿಸದೆ ನಿಮ್ಮದೇ 'ಪ್ರಯೋಗಪುಟ'ದಲ್ಲಿ ಬರೆದು, ಅರಳಿ ಕಟ್ಟೆಯಲ್ಲಿ ಒಬ್ಬರಿಗೆ ತೋರಿಸಿ, ಆಮೇಲೆ ಮುಖ್ಯ ಜಾಗಕ್ಕೆ ಸಾಗಿಸಿ.

ಖಾತೆ ತೆರೆಯಲು ಹಣ ಬೇಕಿಲ್ಲ, ನಿಜ ಹೆಸರೂ ಬೇಕಿಲ್ಲ. ಹದಿನೆಂಟರ ಒಳಗಿನವರಂತೂ ತಮ್ಮ ಪರಿಚಯದ ಪುಟದಲ್ಲಿ ಮನೆಯ ವಿಳಾಸ, ಶಾಲೆಯ ಹೆಸರು, ಫೋನ್ ಸಂಖ್ಯೆ ಬರೆಯಲೇಬಾರದು. ಲೇಖನದ ತಪ್ಪನ್ನು ಉಳಿಸಿಕೊಳ್ಳುವ ಆ 'ಇತಿಹಾಸ' ಇವನ್ನೂ ಉಳಿಸಿಕೊಳ್ಳುತ್ತದೆ. ನೀವು ಅಳಿಸಿದ ಮೇಲೂ ಅವು ಹಳೆಯ ಆವೃತ್ತಿಯಲ್ಲಿ ಕಾಣುತ್ತಿರುತ್ತವೆ. ಪೂರ್ತಿ ಮರೆಮಾಡಬೇಕಾದರೆ ನಿರ್ವಾಹಕರನ್ನು ಕೇಳಿಕೊಳ್ಳಬೇಕಾಗುತ್ತದೆ.